ದೊಡ್ಡ ಸಲ್ಕಾಟಾ ಆಮೆಗೆ ದಿನಕ್ಕೆ ಎಷ್ಟು ಮೇವು ಹಾಕಬೇಕು?

ಬಾಣೆಮನೆ_ಸೋಮವಾರಪೇಟೆ
ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಬೆಂಗಳೂರಲ್ಲಿ ಸಾಕಿದ್ದ ಸಲ್ಕಾಟಾ ಆಮೆ ಈಗ ನಮ್ಮ ಮನೆಗೆ ಬಂದಿದೆ, ಅವರ ಅಪಾರ್ಟ್‌ಮೆಂಟಲ್ಲಿ ಅದಕ್ಕೆ ಓಡಾಡಲು ಜಾಗ ಸಾಲುತ್ತಿರಲಿಲ್ಲ. ತೂಕ ಹತ್ತಿರ ಹತ್ತಿರ 22 ಕೆ.ಜಿ. ಹಗಲೆಲ್ಲ ಮನೆ ಪಕ್ಕದ ಬಾಣೆಯಲ್ಲಿ (ಹುಲ್ಲುಗಾವಲಲ್ಲಿ) ಬಿಟ್ಟಿರುತ್ತೇನೆ, ಒಂದೇ ಸಮ ಹುಲ್ಲು ಕಿತ್ತು ತಿನ್ನುತ್ತಾ ಇರುತ್ತದೆ. ಭಾವ ಹೇಳಿದ ಪ್ರಕಾರ ಬೆಳಿಗ್ಗೆ ಒಂದು ಬುಟ್ಟಿ ಕೋಸು, ಸೌತೆಕಾಯಿ, ಸಂಜೆ ಬಾಳೆಹಣ್ಣು ಕೊಡಬೇಕಂತೆ. ಇಷ್ಟು ಮೇಯ್ದ ಮೇಲೂ ಅದೆಲ್ಲ ಬೇಕಾ? ಅಮ್ಮ ಅಂತೂ "ಪಾಪ, ಇಷ್ಟು ದೊಡ್ಡ ಪ್ರಾಣಿಗೆ ಬರೀ ಹುಲ್ಲಲ್ಲಿ ಹೊಟ್ಟೆ ತುಂಬುತ್ತಾ" ಅಂತ ಅನ್ನ ಹಾಕಲು ಹೋಗುತ್ತಾರೆ. ತಿಳಿದವರು ಹೇಳಿ.

ಗರಿಕೆಹುಲ್ಲು
ಅನ್ನ ಬೇಡವೇ ಬೇಡ, ಅಮ್ಮನಿಗೆ ಸಮಾಧಾನವಾಗಿ ತಿಳಿಸಿ ಹೇಳಿ. ಇದು ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಪ್ರಾಣಿ, ಅಲ್ಲಿ ಸಿಗುವುದೇ ಹುಲ್ಲು, ಅದರಲ್ಲೂ ವರ್ಷದ ಬಹುಪಾಲು ಒಣ ಹುಲ್ಲು. ಅದರ ದೊಡ್ಡ ಕರುಳಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ನಿಧಾನಕ್ಕೆ ಕೊಳೆಸಿ ಶಕ್ತಿ ಮಾಡಿಕೊಡುತ್ತವೆ. ಅನ್ನ, ಬಾಳೆಹಣ್ಣು, ಕಿತ್ತಳೆ ಹಾಕಿದರೆ ಆ ವ್ಯವಸ್ಥೆಯೇ ಕೆಟ್ಟು ಭೇದಿ ಶುರುವಾಗುತ್ತದೆ.

ಇದಕ್ಕೆ ಇಷ್ಟು ಕೆ.ಜಿ. ಅಂತ ಲೆಕ್ಕ ಇಲ್ಲ. ತಿನ್ನುವುದರಲ್ಲಿ ಶೇ. 80–90ರಷ್ಟು ಹುಲ್ಲೇ ಇರಬೇಕು, ಮತ್ತು ಹುಲ್ಲು ದಿನವಿಡೀ ಸಿಗಬೇಕು. ಒಳ್ಳೆ ಮೇವಿರುವ ಬಾಣೆ ಇದ್ದರೆ ಬುಟ್ಟಿ ತರಕಾರಿ ಯಾಕೆ? ಬೇಕಿದ್ದರೆ ಒಂದು ಹಿಡಿ ದಾಸವಾಳದ ಎಲೆ, ಹೂವು, ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಾಸುಕಳ್ಳಿ ಕೊಡಿ. ಲಂಟಾನ ಪೊದೆ ಇದ್ದರೆ ಬುಡಸಮೇತ ಕಿತ್ತು ಹಾಕಿ, ಅದು ವಿಷ.

ಸಾಕಾಗುತ್ತಿದೆಯಾ ಅನ್ನುವುದನ್ನು ಲದ್ದಿ ಹೇಳುತ್ತದೆ. ಕಡ್ಡಿಯಲ್ಲಿ ಒಡೆದು ನೋಡಿ, ಆನೆ ಲದ್ದಿ ತರಹ ಒಳಗೆಲ್ಲ ಹುಲ್ಲಿನ ನಾರೇ ಕಾಣಬೇಕು. ಉಚ್ಚೆ ಜೊತೆ ಬರುವ ಬಿಳಿ ಪದಾರ್ಥ ಮೆತ್ತಗಿದ್ದರೆ ಸರಿ. ಮರಳು ಮರಳಾಗಿದ್ದರೆ ನೀರು ಸಾಲುತ್ತಿಲ್ಲ ಅಂತ, ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ನೀರಿಡಿ. ತಿಂಗಳಿಗೊಮ್ಮೆ ಕಾಫಿ ಮೂಟೆ ತೂಗುವ ತಕ್ಕಡಿಯಲ್ಲೇ ತೂಗಿ ಬರೆದಿಡಿ. ಕಾಲು ಒಳಗೆ ಎಳೆದುಕೊಂಡಾಗ ತೊಡೆ, ಹೆಗಲ ಹತ್ತಿರ ಮಾಂಸ ಚಿಪ್ಪಿನಿಂದ ಉಬ್ಬಿ ಹೊರಗೆ ಬರುತ್ತಿದ್ದರೆ ಕೊಬ್ಬು ಜಾಸ್ತಿಯಾಗಿದೆ.

ಕುಶಾಲನಗರ_ಆಮೆಮನೆ
ಮೇಲಿನವರು ಹೇಳಿದ್ದು ಸರಿ, ಆದರೆ ಅಣ್ಣ, ನಿಮ್ಮ ಕಡೆ ಮೇವಿಗಿಂತ ದೊಡ್ಡ ತಲೆನೋವು ಚಳಿ. ನಮ್ಮ ಕುಶಾಲನಗರದಲ್ಲಿ ಮಳೆ ಕಡಿಮೆ, ಬಿಸಿಲು ಸಿಗುತ್ತದೆ. ನಿಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು), ವಾರಗಟ್ಟಲೆ ಸೂರ್ಯನ ಮುಖವೇ ಕಾಣುವುದಿಲ್ಲ ಅಲ್ವಾ? ಇದು ಚಳಿಗೆ ಮಲಗಿ ದಿನ ತಳ್ಳುವ ಜಾತಿಯ ಆಮೆ ಅಲ್ಲ. ಮೈ ಬಿಸಿಯಾದರೆ ಮಾತ್ರ ತಿಂದದ್ದು ಜೀರ್ಣ, ತಣ್ಣಗಿದ್ದರೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಹಾಗಾಗಿ ತಣ್ಣಗೆ ಕೂತ ಆಮೆಯ ಮುಂದೆ, ತಿನ್ನಲಿ ಅಂತ ಸುಮ್ನೆ ಸೊಪ್ಪು ರಾಶಿ ಹಾಕಬೇಡಿ. ಮೊದಲು ಮೈ ಕಾಯಿಸಿ.

ಮಳೆಗಾಲಕ್ಕೆ ಒಣಗಿದ, ಬೆಚ್ಚಗಿನ ಕೋಣೆ ಬೇಕು. ಒಂದು ಮೂಲೆಯಲ್ಲಿ 35 ಡಿಗ್ರಿ ದಾಟುವಂತೆ ಬಿಸಿ ದೀಪ, ಜೊತೆಗೆ ಯುವಿಬಿ ದೀಪ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪ) ಹಾಕಿ, ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕರೆಂಟು ಹೋದಾಗಿನ ದಾರಿಯನ್ನೂ ಈಗಲೇ ಯೋಚಿಸಿ. ಮಳೆಗಾಲದಲ್ಲಿ ಒಣ ಹುಲ್ಲು ಯಾವಾಗಲೂ ಮುಂದಿರಲಿ, ಬೂಷ್ಟು ಹಿಡಿದದ್ದು ಮಾತ್ರ ಹಾಕಬೇಡಿ. ಮೂಗಲ್ಲಿ ಗುಳ್ಳೆ, ಸಿಂಬಳ ಕಂಡರೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಇನ್ನೊಂದು ಮಾತು. 2024ರ ನಿಯಮದ ಪ್ರಕಾರ ಈ ಆಮೆಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕೈ ಬದಲಾದರೂ ತಿಳಿಸಬೇಕು. ಭಾವನ ಹತ್ತಿರ ಕಾಗದ ಇದೆಯಾ ಕೇಳಿ.

ಬಾಣೆಮನೆ_ಸೋಮವಾರಪೇಟೆ
ತುಂಬಾ ಥ್ಯಾಂಕ್ಸ್. ಕಾಗದ ಇದೆ, ಹೆಸರು ಬದಲಾಯಿಸಬೇಕು. ಚಿಪ್ಪಿನ ಮೇಲೆ ಅಲ್ಲಲ್ಲಿ ದಿಬ್ಬದ ತರಹ ಎದ್ದಿದೆ, ಇದು ಪ್ರೋಟೀನ್ ಜಾಸ್ತಿಯಾಗಿ ಆಗಿದ್ದಾ? ಮತ್ತೆ ಬಾಣೆಯ ಒಂದು ಬದಿ ಕಾಫಿ ತೋಟ, ಮಳೆಗೆ ಮುಂಚೆ ಬೋರ್ಡೋ (ಶಿಲೀಂಧ್ರ ರೋಗದ ಔಷಧಿ) ಹೊಡೆಯುತ್ತೇವೆ. ತೊಂದರೆ ಇದೆಯಾ?

ಗರಿಕೆಹುಲ್ಲು
ದಿಬ್ಬಕ್ಕೆ ಪ್ರೋಟೀನೇ ಕಾರಣ ಅಂತ ಮುಂಚೆ ಎಲ್ಲರೂ ಹೇಳುತ್ತಿದ್ದರು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಲ್ಕಾಟಾ ಮರಿಗಳ ಮೇಲೇ ನಡೆದಿತ್ತು, ಒಣ ಹವೆಯಲ್ಲಿ ಬೆಳೆದ ಮರಿಗಳಿಗೇ ದಿಬ್ಬ ಜಾಸ್ತಿ ಬಂತು, ಪ್ರೋಟೀನಿನ ಪಾತ್ರ ಕಡಿಮೆ. ಎದ್ದದ್ದು ಇನ್ನು ಇಳಿಯುವುದಿಲ್ಲ, ಅದಕ್ಕಾಗಿ ಮೇವು ಕಡಿಮೆ ಮಾಡಬೇಡಿ.

ಬೋರ್ಡೋ ವಿಷಯ ಮಾತ್ರ ಹಗುರವಾಗಿ ತಗೊಬೇಡಿ. ಅದರಲ್ಲಿರುವುದು ಮೈಲುತುತ್ತ, ಸುಣ್ಣದ ಜೊತೆ ಸೇರಿದಾಗ ಮಳೆಗೂ ಸುಲಭವಾಗಿ ತೊಳೆದು ಹೋಗದಂತೆ ಎಲೆಗೆ ಅಂಟಿಕೊಳ್ಳುತ್ತದೆ. ಗಾಳಿಗೆ ಹಾರಿ ಹುಲ್ಲಿನ ಮೇಲೂ ಬೀಳುತ್ತದೆ. ಕಳೆನಾಶಕ ಹೊಡೆಯುತ್ತಿದ್ದರೆ ಅದೂ ಅಷ್ಟೇ. ತೋಟದ ಅಂಚಿಂದ ಸಾಕಷ್ಟು ಜಾಗ ಬಿಟ್ಟು ಬೇಲಿ ಹಾಕಿ. ತಂತಿ ಬೇಲಿ ಬೇಡ, ಆಚೆ ಕಡೆ ಕಂಡರೆ ನುಗ್ಗಿಯೇ ನುಗ್ಗುತ್ತದೆ. ಹಲಗೆ ಅಥವಾ ಶೀಟು ನೆಲದೊಳಗೂ ಹೋಗುವಂತೆ ಹೂಳಿ, ಇದು ಬಿಲ ತೋಡುವ ಪ್ರಾಣಿ.