ಪದಚರ್ಚೆ: ‘ಎಪೊಖೆ’ಗೆ ‘ಸಂದೇಹ’ ಎನ್ನಬಹುದೇ?

ಪ್ರಶ್ನೆ: ಡಯಾಲಿಸಿಸ್ ರೋಗಿಗಳ ಅನುಭವ ಕುರಿತ ಫಿನಾಮಿನಾಲಜಿ (ಅನುಭವವನ್ನು ಅದು ತೋರುವಂತೆಯೇ ವರ್ಣಿಸುವ ತತ್ತ್ವಪದ್ಧತಿ) ಪ್ರಬಂಧವೊಂದರ ಕನ್ನಡ ಸಾರಾಂಶದಲ್ಲಿ ‘ಸಂಶೋಧಕರು ಪೂರ್ವಗ್ರಹಗಳನ್ನು ಸಂದೇಹಿಸಿದರು’ ಎಂದಿದೆ. ಮೂಲದಲ್ಲಿರುವುದು ‘ಎಪೊಖೆ’. ಈ ಬಳಕೆ ಸರಿಯೇ? ‘ಆವರಣದಲ್ಲಿಡುವುದು’ ಎಂದರೆ ಹೇಗೆ?

ಉತ್ತರ: ‘ಸಂದೇಹ’ ಬೇಡ, ಅದು ಎಲ್ಲವನ್ನೂ ಶಂಕಿಸಿ ನೋಡಿದ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್ ಹಿಡಿದ ದಾರಿ. ಗ್ರೀಕಿನಲ್ಲಿ ಎಪೊಖೆ ಎಂದರೆ ತಡೆಹಿಡಿಯುವುದು. ಸಂದೇಹಪಟ್ಟಾಗ ನಂಬಿಕೆಯೇ ಅಲುಗುತ್ತದೆ. ಎಪೊಖೆಯಲ್ಲಿ ನಂಬಿಕೆ ಇದ್ದಲ್ಲೇ ಇರುತ್ತದೆ, ಅದನ್ನು ಆಧಾರವಾಗಿ ಬಳಸುವುದಿಲ್ಲ, ಅಷ್ಟೇ. 1913ರ ‘ಐಡಿಯಾಸ್’ ಗ್ರಂಥದಲ್ಲಿ ಫಿನಾಮಿನಾಲಜಿಯ ಸ್ಥಾಪಕ ಹುಸರ್ಲ್ ತೋಟದ ಹೂಬಿಟ್ಟ ಸೇಬಿನ ಮರವನ್ನು ಉದಾಹರಿಸುತ್ತಾರೆ. ಮರ ಸುಟ್ಟುಹೋಗಬಹುದು, ‘ಕಂಡಂತೆ ಮರ’ ಎಂಬ ಅರ್ಥ ಸುಡುವುದಿಲ್ಲ. ಎಪೊಖೆಯ ನಂತರ ಪರಿಶೀಲನೆಗೆ ಸಿಗುವುದು ಈ ಎರಡನೆಯದು.

‘ಆವರಣ’ ಗಣಿತದಲ್ಲಿ ಸರಿ, ತತ್ತ್ವಶಾಸ್ತ್ರದಲ್ಲಿ ಅಪಾಯ. ವೇದಾಂತ ಓದಿದವರಿಗೆ ಆವರಣ ಎಂದರೆ ಮುಚ್ಚುವ ಶಕ್ತಿ. ಇಲ್ಲಿ ಆಗುವುದು ಅದರ ಉಲ್ಟಾ. ‘ಕಂಸದಲ್ಲಿಡುವುದು’ (ಬ್ರಾಕೆಟ್ ಹಾಕುವುದು) ವಾಸಿ, ಕಂಸದೊಳಗಿನದು ಅಳಿಸಿಹೋಗುವುದಿಲ್ಲವಲ್ಲ. ಹಾಗೆಯೇ ‘ರಿಡಕ್ಷನ್’ ಬಂದಲ್ಲಿ ‘ಕಡಿತ’ ಎನ್ನಬೇಡಿ, ಅದು ವಸ್ತುವಿನಿಂದ ಅದು ತೋರುವ ಬಗೆಯತ್ತ ಮರಳುವುದು.

‘ಪೂರ್ವಗ್ರಹ’ವೂ ಸಾಲದು. ಕಂಸಕ್ಕೆ ಹೋಗಬೇಕಾದ್ದು ಕೆಟ್ಟ ಅಭಿಪ್ರಾಯಗಳಷ್ಟೇ ಅಲ್ಲ, ಓದಿ ಕಲಿತ ಸಿದ್ಧಾಂತಗಳೂ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಸಂದರ್ಶನದಲ್ಲಿ ರೋಗಿಯನ್ನು ‘ಡಯಾಲಿಸಿಸ್ ವೇಳೆ ಎಷ್ಟು ಭಯವಾಗುತ್ತದೆ?’ ಎಂದು ಕೇಳಿದರೆ ಭಯವನ್ನು ನಾವೇ ತುರುಕಿದಂತೆ. ‘ಹೋದ ಸಲ ಡಯಾಲಿಸಿಸ್‌ಗೆ ಹೋದದ್ದನ್ನು ಮೊದಲಿಂದ ಹೇಳಿ’ ಎನ್ನಬೇಕು. ಮನಃಶಾಸ್ತ್ರಜ್ಞ ಅಮೆಡಿಯೊ ಜಾರ್ಜಿಯವರ ವಿಧಾನದಲ್ಲಿ ಸಂದರ್ಶನದ ಬರಹವನ್ನು ಮೊದಲು ಪೂರ್ತಿ ಓದಿ, ಅರ್ಥ ಹೊರಳುವಲ್ಲಿ ಗೆರೆ ಹಾಕಿ ತುಂಡು ಮಾಡುತ್ತಾರೆ. ಆಮೇಲೆ ಪ್ರತಿ ತುಂಡನ್ನೂ ಸಂಶೋಧಕರ ಮಾತಿಗೆ ತಿರುಗಿಸಿ, ಕೊನೆಗೆ ಅನುಭವದ ರಚನೆ ಬರೆಯುತ್ತಾರೆ. ಮೂರನೆಯ ಹಂತವೇ ಕಷ್ಟದ್ದು. ರೋಗಿ ‘ಮೆಷಿನ್ ಸದ್ದು ನಿಂತರೆ ಎದೆ ಝಲ್ಲೆನ್ನುತ್ತೆ’ ಎಂದರೆ ತಕ್ಷಣ ‘ಆತಂಕ’ ಎಂದು ಬರೆಯುವುದು ರೋಗನಿರ್ಣಯ, ವರ್ಣನೆಯಲ್ಲ. ‘ಮೌನವೇ ಅವರಿಗೆ ಅಪಾಯದ ಸೂಚನೆಯಾಗಿ ಬರುತ್ತದೆ’ ಎಂದರೆ ಮಾತು ಅನುಭವದ ಹತ್ತಿರವೇ ಉಳಿಯುತ್ತದೆ.

ನಿಮ್ಮ ವಾಕ್ಯ ಹೀಗಿರಲಿ: ‘ಸಂಶೋಧಕರು ವಿಷಯದ ಬಗ್ಗೆ ತಮಗಿದ್ದ ತಿಳಿವಳಿಕೆಯನ್ನೂ ನಂಬಿಕೆಗಳನ್ನೂ ಕಂಸದಲ್ಲಿಟ್ಟರು.’ ಆದರೆ ಪ್ರಬಂಧ ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ ಜಾಡಿನ ವ್ಯಾಖ್ಯಾನ ಪದ್ಧತಿಯದಾದರೆ ಈ ವಾಕ್ಯವೂ ಹೊಂದುವುದಿಲ್ಲ. ಅಲ್ಲಿ ಪೂರ್ವಗ್ರಹಿಕೆಯಿಲ್ಲದೆ, ಎಂದರೆ ಮೊದಲೇ ಇರುವ ತಿಳಿವಳಿಕೆಯಿಲ್ಲದೆ, ಅರಿವೇ ಇಲ್ಲ. ಅದನ್ನು ತಡೆಹಿಡಿದೆವು ಎನ್ನುವ ಬದಲು ‘ಸ್ಪಷ್ಟವಾಗಿ ಬರೆದಿಟ್ಟರು’ ಎನ್ನಬೇಕು. ಯಾವ ಪದ್ಧತಿಯೆಂದು ಮೂಲದ ವಿಧಾನ ಅಧ್ಯಾಯದಲ್ಲಿ ನೋಡಿಕೊಳ್ಳಿ.