ಅಪ್‌ಡೇಟ್: ಬಾಲ್ಕನಿಯ ಜರೀಗಿಡ ಈಗ ಹೇಗಿದೆ

ಮೈಸೂರು ಕುವೆಂಪುನಗರದ ನಮ್ಮನೆಯ ಪಶ್ಚಿಮದ ಬಾಲ್ಕನಿಯಲ್ಲಿ ಬಾಸ್ಟನ್ ಫರ್ನ್ ಎಲೆಗಳ ತುದಿ ಸುಟ್ಟ ಹಾಗಾಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ನೀರು ಹೆಚ್ಚಿಸುವ ಮೊದಲು ಜಾಗ ಬದಲಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಕುಂಡವನ್ನು ಪೂರ್ವದ ಕಿಟಕಿ ಹತ್ತಿರ ಇಟ್ಟೆ. ಬೆಳಗ್ಗೆ ಎಳೆಬಿಸಿಲು, ಆಮೇಲೆ ಬರೀ ಬೆಳಕು. ಸುಟ್ಟ ಎಲೆ ಮತ್ತೆ ಹಸಿರಾಗಲ್ಲ, ಅವನ್ನು ಬುಡದಲ್ಲೇ ಕತ್ತರಿಸಿದೆ. ಈಗ ನಡುವಿನಿಂದ ಸುರುಳಿ ಸುರುಳಿಯಾಗಿ ಚಿಗುರು ಏಳ್ತಿದೆ, ನೋಡೋಕೆ ಎಷ್ಟು ಖುಷಿ!

ಇನ್ನೊಂದು ಕುಂಡ ಹಿತ್ತಲಿನ ಮಾವಿನ ಮರದ ಕೆಳಗಿದೆ. ಎಲೆಗಳ ಸಂದಿಯಿಂದ ಸೋಸಿ ಬರುವ ಬಿಸಿಲು ಅದಕ್ಕೆ ಚೆನ್ನಾಗಿ ಒಗ್ಗಿದೆ. ಗಾಳಿಗೆ ಮಣ್ಣು ಬೇಗ ಒಣಗುತ್ತೆ, ಅದಕ್ಕೇ ದಿನಾ ಮುಟ್ಟಿ ನೋಡ್ತೀನಿ.

ಅಂದಹಾಗೆ, ಎಲೆಯಡಿ ಸಾಲಾಗಿರುವ ಕಂದು ಚುಕ್ಕಿಗಳು ಹುಳ ಅಲ್ಲ, ಬೀಜಕಣದ ಗುಂಪುಗಳು. ದಯವಿಟ್ಟು ಔಷಧಿ ಹೊಡೆಯಬೇಡಿ.