ಬೇಸಿಗೆ ರಜೆಯಲ್ಲಿ ಕಾದಂಬರಿ: ಬರೆಯುವ ದಿನಗಳಲ್ಲಿ ಓದು, ತಿರುಗಾಟ ಎಷ್ಟಿರಬೇಕು?

ಕೆರೆ ಏರಿ (ಪ್ರಶ್ನೆ)

ಮೈಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುವ ನನಗೆ ಬರವಣಿಗೆಗೆ ಒದಗುವ ಬಿಡುವೆಂದರೆ ಬೇಸಿಗೆ ರಜೆಯೊಂದೇ. ಹುಣಸೂರು ಸೀಮೆಯ ತಂಬಾಕು ಬೆಳೆಗಾರರ ಮನೆಯೊಂದನ್ನು ಕುರಿತು ಎರಡನೆಯ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು 1980ರ ದಶಕದ ಆರಂಭದಲ್ಲಿ. ಅದರ ಮುಖ್ಯ ಭಾಗವೆಲ್ಲ ಮಳೆಗಾಲದಲ್ಲಿ, ಎಲೆ ಕೊಯ್ದು ಬ್ಯಾರನ್ನಿನಲ್ಲಿ, ಅಂದರೆ ಎಲೆಯನ್ನು ಒಲೆಯ ಕಾವಿನಲ್ಲಿ ಒಣಗಿಸುವ ಕಟ್ಟಡದಲ್ಲಿ, ಬೇಯಿಸುವ ದಿನಗಳಲ್ಲಿದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯನ್ನು ಸುತ್ತಿ ಬಂದು ಬರೆಯಲು ಕೂರುತ್ತೇನೆ, ಸಂಜೆ ದೇವರಾಜ ಮಾರುಕಟ್ಟೆಯ ಕಡೆ ಹೋಗುತ್ತೇನೆ, ಭಾನುವಾರ ಬಸ್ಸು ಹತ್ತಿ ಹುಣಸೂರಿನ ಹಳ್ಳಿಗಳನ್ನು ನೋಡಿ ಬರುತ್ತೇನೆ. ಆದರೆ ಕೆರೆಯಲ್ಲಿ ಹೆಜ್ಜಾರ್ಲೆಗಳನ್ನು ನೋಡಿದ ದಿನ ನನ್ನ ಅಧ್ಯಾಯದೊಳಗೆ ಯಾರೂ ಕರೆಯದ ಹಕ್ಕಿಗಳು ಬಂದು ಕೂರುತ್ತವೆ; ರಾತ್ರಿ ಒಳ್ಳೆಯ ಕಾದಂಬರಿಯೊಂದನ್ನು ಓದಿದರೆ ಮರುದಿನದ ನನ್ನ ವಾಕ್ಯಗಳಿಗೆ ಆ ಲೇಖಕರ ದನಿ ಬಂದುಬಿಡುತ್ತದೆ. ಹಳ್ಳಿಗಳಲ್ಲಿಯೂ ಈ ಬಿಸಿಲಿನಲ್ಲಿ ಕಾಣುವುದು ಸಸಿಮಡಿಗಳು ಮತ್ತು ತಣ್ಣಗೆ ನಿಂತ ಬ್ಯಾರನ್ನುಗಳು ಮಾತ್ರ. ಕರಡು ಮುಗಿಯುವವರೆಗೆ ತಿರುಗಾಟವನ್ನೂ ಓದನ್ನೂ ನಿಲ್ಲಿಸುವುದು ಸರಿಯೇ?

ಯಾದವಗಿರಿ

ನಿಮ್ಮ ಊರಿನಲ್ಲಿಯೇ ಇದಕ್ಕೊಂದು ಉದಾಹರಣೆಯಿದೆ. ಆರ್. ಕೆ. ನಾರಾಯಣ್ ಯಾದವಗಿರಿಯ ಮನೆಯಲ್ಲಿ ಎಂಟು ಕಿಟಕಿಗಳ ಬರೆಯುವ ಕೋಣೆಯನ್ನು ಕಟ್ಟಿಸಿಕೊಂಡರು. ಚಾಮುಂಡಿ ಬೆಟ್ಟ, ಗೋಪುರಗಳು, ಮೇಯುವ ದನಕರು ಎಲ್ಲವೂ ಕೂತಲ್ಲಿಗೇ ಕಾಣುತ್ತಿದ್ದುದರಿಂದ ಬರೆಯುವ ಹೊತ್ತು ನೋಡುವುದರಲ್ಲಿಯೇ ಕಳೆಯತೊಡಗಿತು. ಕೊನೆಗೆ ಪರದೆ ಎಳೆದುಕೊಂಡ ಮೇಲೆ ಬರವಣಿಗೆ ಸಾಗಿತೆಂದು ಅವರೇ ಬರೆದಿದ್ದಾರೆ. 2016ರಿಂದ ಆ ಮನೆ ಸಾರ್ವಜನಿಕರಿಗೆ ತೆರೆದಿದೆ, ಒಂದು ಸಂಜೆ ಹೋಗಿ ನೋಡಿ. ಹಾಗೆಂದು ಅವರು ತಿರುಗಾಟ ಬಿಟ್ಟವರಲ್ಲ. ಮೈಸೂರಿನ ಬೀದಿಗಳಲ್ಲಿ ಅಂಗಡಿಯವರು, ವಕೀಲರು, ಗುಮಾಸ್ತರ ಜೊತೆ ನಿಂತು ಮಾತನಾಡುತ್ತ ನಡೆಯುವುದು ಅವರ ನಿತ್ಯದ ಅಭ್ಯಾಸವಾಗಿತ್ತು. ನನ್ನ ಅಭಿಪ್ರಾಯದಲ್ಲಿ ಕಾದಂಬರಿಕಾರನಿಗೆ ದಕ್ಕುವುದು ಇಂತಹ ಮಾತುಕತೆಯೇ ಹೊರತು ದೃಶ್ಯವಲ್ಲ. ಮಾರುಕಟ್ಟೆಗೆ ಹೋಗಿ, ಕೆರೆಯನ್ನು ಕೆಲವು ದಿನ ಬಿಡಿ.

ಸ್ಥಳದಿಂದ ದೂರವಿರುವುದೂ ಕೊರತೆಯಲ್ಲ. ಕುವೆಂಪು 1936ರಲ್ಲಿ ಪ್ರಕಟವಾದ ತಮ್ಮ ಮಲೆನಾಡಿನ ಕಾದಂಬರಿಯನ್ನು ಬರೆದದ್ದು ಮೈಸೂರಿನಲ್ಲಿ ಅಧ್ಯಾಪಕರಾಗಿದ್ದ ವರ್ಷಗಳಲ್ಲಿ. ನಾರಾಯಣ್ ಅವರು ‘ಗೈಡ್’ ಬರೆದದ್ದು ಅಮೆರಿಕದ ಬರ್ಕ್ಲಿಯ ಹೋಟೆಲ್ ಕೋಣೆಯೊಂದರಲ್ಲಿ.

ಬ್ಯಾರನ್ ಮನೆ

ನಮ್ಮದು ಹುಣಸೂರು ತಾಲ್ಲೂಕು. ಬ್ಯಾರನ್ ಇದ್ದ ಮನೆಯಲ್ಲಿ ಬೆಳೆದವನು ನಾನು. ತಣ್ಣಗೆ ನಿಂತ ಬ್ಯಾರನ್ನನ್ನು ನೋಡಿ ನಿರಾಶರಾಗುವುದು ಬೇಡ, ಏಕೆಂದರೆ ಒಳಗೆ ಹೊಕ್ಕು ನೋಡಲು ಸಾಧ್ಯವಾಗುವುದು ಈಗ ಮಾತ್ರ. ಒಲೆಯಿಂದ ಹೊರಟು ನೆಲದ ಮೇಲೆ ಹಾಯ್ದು ಬರುವ ಕಬ್ಬಿಣದ ಕೊಳವೆಗಳು, ಎಲೆ ಕಟ್ಟಿದ ಕಡ್ಡಿಗಳನ್ನು ಸಾಲುಸಾಲಾಗಿ ತೂಗುಹಾಕುವ ಅಡ್ಡಮರಗಳು, ಥರ್ಮಾಮೀಟರ್ ನೋಡುವ ಪುಟ್ಟ ಕಿಂಡಿ, ಇವೆಲ್ಲ ಮಳೆಗಾಲದಲ್ಲಿ ಎಲೆ ತುಂಬಿದಾಗ ಕಾಣುವುದಿಲ್ಲ. ಒಂದು ಬ್ಯಾರನ್ ಬೇಯಲು ಸುಮಾರು ಐದಾರು ದಿನ ಹಿಡಿಯುತ್ತದೆ. ಮೊದಲು ಹಿತವಾದ ಬಿಸಿಯಲ್ಲಿ ಎಲೆ ಹಳದಿಯಾಗಬೇಕು, ಆಮೇಲೆ ಹಾಳೆ ಒಣಗಬೇಕು, ಕೊನೆಗೆ ಕಾವನ್ನು 70 ಡಿಗ್ರಿಯ ಆಸುಪಾಸಿಗೆ ಏರಿಸಿ ನಡುವಿನ ದಂಟನ್ನು ಒಣಗಿಸಬೇಕು. ರಾತ್ರಿಯೆಲ್ಲ ಯಾರಾದರೊಬ್ಬರು ಸೌದೆ ಒಟ್ಟುತ್ತ ಎಚ್ಚರವಿರಲೇಬೇಕು. ಈಗ ಹೆಂಚು ಕೈಯಾಡಿಸುತ್ತ, ಸೌದೆಗೆ ಹಣ ಹೊಂದಿಸುತ್ತ ಇರುವ ರೈತರ ಮಾತಿನಲ್ಲಿ ಬರುವುದೆಲ್ಲ ಹೋದ ಮಳೆಗಾಲದ ಲೆಕ್ಕವೇ. ಅದನ್ನು ಕೇಳಿಸಿಕೊಳ್ಳಿ. ಇನ್ನೊಂದು ಮಾತು: ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾದದ್ದು 1984ರಲ್ಲಿ. ನಿಮ್ಮ ಕಥೆ ಅದಕ್ಕಿಂತ ಹಿಂದಿನದಾದರೆ ಹರಾಜು ಕಟ್ಟೆಯ ದೃಶ್ಯವನ್ನು ತರಬೇಡಿ.

ಹಳೆ ಪತ್ರಿಕೆ

ಓದು ನಿಲ್ಲಿಸಬೇಕೆಂಬುದನ್ನು ನಾನು ಒಪ್ಪುವುದಿಲ್ಲ, ಬೇರೆಯವರ ದನಿಯ ಭಯ ನಮ್ಮಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿದೆ. ಕರಡಿನಲ್ಲಿ ಅದು ನುಸುಳಿದರೂ ತಿದ್ದುವಾಗ ಗಟ್ಟಿಯಾಗಿ ಓದಿದರೆ ಕಿವಿಗೆ ಸಿಕ್ಕಿಬೀಳುತ್ತದೆ. ಅಷ್ಟೂ ಬೇಡವೆನಿಸಿದರೆ ಕಾದಂಬರಿಗಳ ಬದಲು ಆ ವರ್ಷಗಳ ‘ಆಂದೋಲನ’, ‘ಪ್ರಜಾವಾಣಿ’ಯ ಹಳೆಯ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ಕೂತು ಓದಿ, ಸಿನಿಮಾ ಜಾಹೀರಾತು, ಧಾರಣೆಯ ಪಟ್ಟಿ, ಓದುಗರ ಪತ್ರಗಳನ್ನೂ ಬಿಡಬೇಡಿ. ಯಾವ ಶೈಲಿಯ ಸೋಂಕೂ ಇಲ್ಲದೆ ಕಾಲ ಸಿಗುವುದು ಅಲ್ಲಿಯೇ.

ಕೆರೆ ಏರಿ

ಮೂವರಿಗೂ ಕೃತಜ್ಞತೆಗಳು. ಕೆರೆಯನ್ನು ಬಿಡಲು ಮನಸ್ಸಿಲ್ಲ. ಬರೆದು ಮುಗಿಸಿದ ಮೇಲೆ ಸಂಜೆ ಹೋಗುತ್ತೇನೆ. ಬ್ಯಾರನ್ ಮನೆಯವರಲ್ಲಿ ಒಂದು ಪ್ರಶ್ನೆ: ನನ್ನ ಕಥೆಯ ಹುಡುಗಿಯೊಬ್ಬಳು ರಾತ್ರಿ ಒಲೆಯ ಮುಂದೆ ಕಾವಲು ಕೂರುತ್ತಾಳೆ. ಅದು ನಡೆಯುವ ಮಾತೇ?

ಬ್ಯಾರನ್ ಮನೆ

ನಮ್ಮೂರಿನಲ್ಲಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದವರು ಹೆಚ್ಚಾಗಿ ಹೆಂಗಸರು, ರಾತ್ರಿಯ ಒಲೆ ಗಂಡಸರ ಪಾಲಿಗಿರುತ್ತಿತ್ತು. ಆದರೆ ಅಪ್ಪನಿಗೆ ಜ್ವರ ಬಂದ ವರ್ಷ ನಮ್ಮಕ್ಕನೇ ಕೂತಿದ್ದಳು, ಮನೆಯವರು ಅದನ್ನು ಹೊರಗೆ ಹೇಳಲಿಲ್ಲ ಅಷ್ಟೆ. ಹುಡುಗಿ ಯಾಕೆ ಕೂರಬೇಕಾಯಿತು ಎಂಬುದನ್ನು ನೀವು ತೋರಿಸಿದರೆ ನಮ್ಮ ಕಡೆಯ ಓದುಗರು ನಂಬುತ್ತಾರೆ.